ಕಾಫಿ ಸಸಿಗೆ ಯಾವ ಬೂಷ್ಟು: ಕಲ್ಲು ಕರಗಿಸುವುದೋ, ಬೇರಿಗೆ ಸೇರುವುದೋ?

ನಮ್ಮ ಕೊಡಗಿನ ಮಣ್ಣಲ್ಲಿ ರಂಜಕ ಇಲ್ಲ ಅಂತಲ್ಲ. ಇದೆ, ಗಿಡಕ್ಕೆ ಸಿಗುವುದಿಲ್ಲ ಅಷ್ಟೆ. ಜೋರು ಮಳೆಗೆ ಸುಣ್ಣದಂಶ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ, ಆಮೇಲೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದು ಕೂರುತ್ತವೆ. ಇದನ್ನು ಗಿಡಕ್ಕೆ ಸಿಗುವ ಹಾಗೆ ಮಾಡಲು ಶಿಲೀಂಧ್ರ, ಅಂದರೆ ಬೂಷ್ಟು, ನೆರವಾಗುತ್ತದೆ. ಸುಂಟಿಕೊಪ್ಪದ ಹತ್ತಿರ ನಮ್ಮ ನರ್ಸರಿಯಲ್ಲಿ ಎರಡು ಬಗೆ ಹಾಕಿ ನೋಡಿದೆ. ಟೋಪಿ ಹಂತದ, ಅಂದರೆ ಆಗಷ್ಟೇ ಮೊಳೆತ, ರೊಬಸ್ಟಾ ಕಾಫಿ ಸಸಿ, ಒಂದೊಂದು ಬಗೆಗೆ 40 ಚೀಲ. ಇನ್ನೂ 40 ಚೀಲಕ್ಕೆ ಯಾವ ಶಿಲೀಂಧ್ರವೂ ಇಲ್ಲ. ರಾಕ್ ಫಾಸ್ಫೇಟ್ (ರಂಜಕ ಇರುವ ಕಲ್ಲಿನ ಪುಡಿ) ಮಾತ್ರ ಎಲ್ಲದಕ್ಕೂ ಸಮ.

ಮೊದಲನೆಯದು ಆಸ್ಪರ್ಜಿಲಸ್. ಇದು ಆಕ್ಸಾಲಿಕ್, ಸಿಟ್ರಿಕ್ ಆಮ್ಲಗಳನ್ನು ಹೊರಗೆ ಬಿಡುತ್ತದೆ. ಆ ಆಮ್ಲ ಕಲ್ಲುಪುಡಿಯ ಕ್ಯಾಲ್ಸಿಯಂ ಎಳೆದುಕೊಂಡಾಗ ರಂಜಕ ಬಿಡುಗಡೆಯಾಗುತ್ತದೆ. ಕಬ್ಬಿಣದ ಹಿಡಿತವನ್ನೂ ಸಡಿಲಿಸುತ್ತದೆ. ಆದರೆ ಬರೀ ಮಣ್ಣಿಗೆ ಹಾಕಿದರೆ ಪ್ರಯೋಜನವಿಲ್ಲ, ಅದಕ್ಕೂ ಊಟ ಬೇಕಲ್ವಾ? ಸೆಗಣಿ ಗೊಬ್ಬರ, ಕೊಳೆತ ಕಾಫಿ ಸಿಪ್ಪೆ, ರಾಕ್ ಫಾಸ್ಫೇಟ್ ಜೊತೆ ಕಲಸಿ ಮೂರು ವಾರ ಒದ್ದೆ ಗೋಣಿ ಮುಚ್ಚಿಟ್ಟೆ. ಗೋಣಿ ಎತ್ತಿದಾಗ ಬಿಳಿ ನೂಲು, ಅದರ ಮೇಲೆ ಮಸಿ ಹಾಗೆ ಕಪ್ಪು ಪುಡಿ. ಆ ಪುಡಿ ಉಸಿರಿಗೆ ಹೋಗಬಾರದು, ಮಾಸ್ಕ್ ಹಾಕಿಯೇ ಮಗುಚಿ.

ಎರಡನೆಯದು ಮೈಕೊರೈಜಾ. ಕಲ್ಲು ಕರಗಿಸುವುದರಲ್ಲಿ ಇದು ಅಷ್ಟು ಗಟ್ಟಿ ಅಲ್ಲ. ಬೇರಿನೊಳಗೆ ಸೇರಿಕೊಂಡು, ಗಿಡದಿಂದ ಸಕ್ಕರೆ ತೆಗೆದುಕೊಂಡು, ಬೇರು ಮುಟ್ಟದ ಜಾಗದಿಂದ ರಂಜಕ ತಂದುಕೊಡುತ್ತದೆ. ಚೀಲದಲ್ಲಿ ಸಸಿ ಊರುವಾಗ ಗುಳಿಯೊಳಗೆ ಇದರ ಪುಡಿ ಒಂದು ಚಿಟಿಕೆ, ಬೇರಿಗೆ ತಾಗುವ ಹಾಗೆ ಹಾಕಿದೆ.

ಜೂನ್‌ವರೆಗೆ ಮೂರೂ ಒಂದೇ ತರ ಕಂಡವು. ಹುಳಿ ಮಣ್ಣಲ್ಲಿ ರಾಕ್ ಫಾಸ್ಫೇಟ್ ನಿಧಾನಕ್ಕೆ ತಾನೇ ಕರಗುತ್ತದೆ, ಹಾಗಾಗಿ ಏನೂ ಹಾಕದ ಸಸಿಯೂ ಸೊರಗಿರಲಿಲ್ಲ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ತೋಟದಲ್ಲಿ ನೆಡಲು ಚೀಲ ಹರಿದಾಗ ವ್ಯತ್ಯಾಸ ಕಂಡಿತು. ಮೈಕೊರೈಜಾ ಸಸಿಯನ್ನು ಕೊಡವಿದರೂ ಬೇರಿನ ಮಣ್ಣು ಉದುರಲಿಲ್ಲ, ಸಣ್ಣ ಬೇರು ಒತ್ತಾಗಿತ್ತು. ಆಸ್ಪರ್ಜಿಲಸ್ ಸಸಿಗಳ ಎಲೆ ಕಡುಹಸಿರು, ಆದರೆ ಹತ್ತರಲ್ಲಿ ಮೂರು ಕುಳ್ಳ. ಮುಂದಿನ ಮಾರ್ಚ್ ಬಿಸಿಲಿಗೂ ಮೈಕೊರೈಜಾ ಗಿಡಗಳೇ ಕಡಿಮೆ ಬಾಡಿದವು.

ನರ್ಸರಿಗೆ ನನ್ನ ಆಯ್ಕೆ ಮೈಕೊರೈಜಾ, ಅನುಮಾನವೇ ಇಲ್ಲ. ಬೆಳೆದ ತೋಟದಲ್ಲಿ ಎಳೆ ಬೇರಿಗೆ ಪುಡಿ ತಾಗಿಸುವುದು ಕಷ್ಟ, ಅಲ್ಲಿ ಆಸ್ಪರ್ಜಿಲಸ್ ಕಾಂಪೋಸ್ಟನ್ನೇ ಬುಡಕ್ಕೆ ಕೊಡುತ್ತೇನೆ. ಚೀಲಕ್ಕೆ ಬೇಗ ಕರಗುವ ಸೂಪರ್ ಫಾಸ್ಫೇಟ್ ಗೊಬ್ಬರ ಜಾಸ್ತಿ ಹಾಕಬೇಡಿ. ರಂಜಕ ಧಾರಾಳ ಸಿಕ್ಕರೆ ಬೇರು ಮೈಕೊರೈಜಾವನ್ನು ಸರಿಯಾಗಿ ಸೇರಿಸಿಕೊಳ್ಳುವುದಿಲ್ಲ. ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಶಿಲೀಂಧ್ರಕ್ಕೆ ಆಗದು. ಮೆಣಸಿನ ಬಳ್ಳಿಗೆ ಹೊಡೆಯುವ ದಿನ ನಮ್ಮ ಸಸಿ ಚೀಲಗಳಿಗೆ ಟಾರ್ಪಾಲು ಹೊದಿಸುತ್ತೇವೆ.