ಪೆರಿ ಮಿನಿಯೇಚರ್ಸ್ 28 ಮಿಮೀ ಫ್ರೆಂಚ್ ಭಾರಿ ಅಶ್ವದಳ: ಕೊಳ್ಳಬಹುದಾದ ಪೆಟ್ಟಿಗೆ
ಪೆಟ್ಟಿಗೆಯಲ್ಲಿ ನಾವೇ ಜೋಡಿಸಿ ಬಣ್ಣ ಹಚ್ಚಬೇಕಾದ 14 ಪುಟಾಣಿ ಪ್ಲಾಸ್ಟಿಕ್ ಸವಾರರು (28 ಮಿಮೀ ಅಂದರೆ ನಿಂತ ಸೈನಿಕನ ಗೊಂಬೆಯ ಎತ್ತರ, ಹೆಚ್ಚುಕಡಿಮೆ). ನೆಪೋಲಿಯನ್ ಕಾಲದ, 1812–15ರ ಕ್ಯುರಾಸಿಯರ್ (ಎದೆಕವಚ ತೊಟ್ಟ ಭಾರಿ ಸವಾರ) ಮಾಡಿಕೊಳ್ಳಬಹುದು, ತಲೆ ಬದಲಿಸಿದರೆ ಕ್ಯಾರಬಿನಿಯರ್ (ಕವಚ ತೊಟ್ಟ ಇನ್ನೊಂದು ಬಗೆಯ ಭಾರಿ ಸವಾರ). ಕೆತ್ತನೆ ತುಂಬಾ ಚೊಕ್ಕ. ಕುದುರೆ ಮಾತ್ರ ಎರಡು ಹೋಳು. ಅಂಟಿಸಿದ ಮೇಲೆ ಎದೆ, ಹೊಟ್ಟೆಯ ಮೇಲೆ ಉಳಿಯುವ ಬೆಸುಗೆಗೆರೆಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಲೇಬೇಕು. ಬಿಟ್ಟರೆ ವಾಷ್ (ಸಂದುಗಳಿಗೆ ಇಳಿಯುವ ನೀರುನೀರಾದ ಗಾಢ ಬಣ್ಣ) ಅಲ್ಲೇ ಇಳಿದು ಕಪ್ಪು ಗೀಟು ಎದ್ದು ಕಾಣುತ್ತದೆ.

ಸವಾರನಿಗೂ ಕುದುರೆಗೂ ಬೇರೆಬೇರೆಯಾಗಿ ಬಣ್ಣ ಹಚ್ಚಿ, ಕೊನೆಗೆ ಕೂರಿಸಿ. ತಡಿ ಮತ್ತು ಸವಾರ ತಾಗುವ ಜಾಗಕ್ಕೆ ಬಣ್ಣ ಬೇಡ: ಪ್ಲಾಸ್ಟಿಕ್ ಸಿಮೆಂಟ್ ಬಣ್ಣದ ಮೇಲೆ ಗಟ್ಟಿಯಾಗಿ ಹಿಡಿಯುವುದಿಲ್ಲ.

ಕವಚಕ್ಕೆ ಮೊದಲು ಕಪ್ಪು, ಮೇಲೆ ಗನ್‌ಮೆಟಲ್ (ಗಾಢ ಬೂದು ಲೋಹದ ಬಣ್ಣ), ಉಬ್ಬಿಗಷ್ಟೇ ಬೆಳ್ಳಿ. ಕ್ಯಾರಬಿನಿಯರ್‌ಗೆ ಬಿಳಿ ಕೋಟು, ಹಿತ್ತಾಳೆ ಕವಚ, ಶಿರಸ್ತ್ರಾಣದ ಮೇಲೆ ಕೆಂಪು ತುರಾಯಿ. ಯುದ್ಧದಾಟದ ಮೇಜಿನ ಮೇಲೆ ಅದರ ಸೊಗಸೇ ಬೇರೆ! ಕಹಳೆಯವನಿಗೆ ಬೂದು ಕುದುರೆ ಕೊಡಿ.