ಮಂಜಿಗೂ ಕೊರಕಲಿಗೂ ಯಾವ ಹೆಡ್‌ಲೈಟ್? ಹ್ಯಾಲೊಜೆನ್, ಎಚ್‌ಐಡಿ, ಎಲ್‌ಇಡಿ ಹಾಕಿ ನೋಡಿದ ಮೇಲೆ

ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರಿಗೆ, ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೋಗುವವರಿಗೆ, ತೋಟದೊಳಗಿನ ಕೊರಕಲು ದಾರಿಯಲ್ಲಿ ರಾತ್ರಿ ಜೀಪು ಓಡಿಸುವವರಿಗೆ ಹೆಡ್‌ಲೈಟ್ ಶೋಕಿಯ ವಸ್ತುವಲ್ಲ. ತಿರುವಿನಲ್ಲಿ ಕಾಡಾನೆ ನಿಂತಿದ್ದರೆ ಅದರ ಬಣ್ಣವೂ ಕತ್ತಲೆಯ ಬಣ್ಣವೂ ಒಂದೇ. ಅಂಗಡಿಗೆ ಹೋದರೆ ಮಾತೆಲ್ಲ ವ್ಯಾಟ್ ಮತ್ತು ಲುಮೆನ್ (ಹೊರಡುವ ಬೆಳಕಿನ ಅಳತೆ) ಮೇಲೆಯೇ ನಡೆಯುತ್ತದೆ. ಆದರೆ ಎಷ್ಟು ಬೆಳಕು ಹೊರಟಿತು ಎನ್ನುವುದಕ್ಕಿಂತ ಅದು ಎಲ್ಲಿ ಬಿತ್ತು ಎನ್ನುವುದೇ ಮಲೆನಾಡಿನಲ್ಲಿ ದೊಡ್ಡದು. ನಮ್ಮ ಹಳೆಯ ಜೀಪಿಗೂ ತಮ್ಮನ ಜಿಪ್ಸಿಗೂ ಬೇರೆ ಬೇರೆ ಬೆಳಕು ಹಾಕಿ, ಮಳೆಗಾಲದಲ್ಲೂ ಕಾಫಿ ಕೊಯ್ಲಿನ ಕಾಲದಲ್ಲೂ ಓಡಿಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಎರಡಕ್ಕೂ 7 ಇಂಚಿನ ದುಂಡು ಹೆಡ್‌ಲೈಟ್, ಡಿಮ್ಮೂ ಬ್ರೈಟೂ ಒಂದರಲ್ಲೇ ಇರುವ ಎಚ್‌4 ಬಲ್ಬ್. 2020ಕ್ಕೆ ಮೊದಲಿನ ಥಾರ್‌ಗೂ ಇದೇ ಅಳತೆ. ಹೀಗಾಗಿ ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿ ಹೋಲಿಸುವುದು ಸುಲಭವಾಯಿತು.

ಏನನ್ನೂ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದು ಅಳೆದೆವು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್ ಇತ್ತು. ಲೈಟ್ ಹಾಕಿ ಬಲ್ಬಿನ ಹೋಲ್ಡರ್‌ನಲ್ಲಿ ನೋಡಿದರೆ 12.2. ನಡುವಿನ 1.7 ವೋಲ್ಟ್ ತೆಳ್ಳನೆಯ ಹಳೆಯ ವೈರಿನಲ್ಲಿ, ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲಿ, ತುಕ್ಕು ಹಿಡಿದ ಅರ್ತಿಂಗ್ ಬೋಲ್ಟಿನಲ್ಲಿ ಕರಗಿಹೋಗುತ್ತಿತ್ತು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸಿ ನಿಲ್ಲಿಸುವ ಪುಟ್ಟ ಸ್ವಿಚ್ಚು) ಇಲ್ಲದ ಹಳೆಯ ವಾಹನಗಳಲ್ಲಿ ಹೆಡ್‌ಲೈಟಿನ ಕರೆಂಟೆಲ್ಲ ಸ್ವಿಚ್ಚಿನ ಮೂಲಕವೇ ಹಾದುಬರಬೇಕು; ವರ್ಷಗಳು ಕಳೆದಂತೆ ಈ ಸೋರಿಕೆ ಹೆಚ್ಚುತ್ತದೆ. ಹ್ಯಾಲೊಜೆನ್ ಬಲ್ಬಿನ ಗುಣವೇನೆಂದರೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಕಡಿಮೆ. ಆ ಲೆಕ್ಕದಲ್ಲಿ ನಮ್ಮ ಜೀಪು ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಳಕನ್ನು ದಾರಿಗೆ ತಲುಪಿಸುತ್ತಲೇ ಇರಲಿಲ್ಲ.

“ಬಲ್ಬ್ ಆಮೇಲೆ ತನ್ನಿ ಸಾರ್, ಮೊದಲು ರಿಲೇ ಹಾಕೋಣ” ಎಂದರು ಮೂಡಿಗೆರೆಯ ಎಲೆಕ್ಟ್ರಿಷಿಯನ್. ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಸಹಿತ ದಪ್ಪ ವೈರು ಎಳೆದು, ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು ರಿಲೇ ಕೂರಿಸಿದರು. ಅರ್ತಿಂಗ್ ಬೋಲ್ಟಿನ ಸುತ್ತ ಬಣ್ಣ ಕೆರೆದು, ತಗಡು ಹೊಳೆಯುವವರೆಗೆ ಉಜ್ಜಿ ಬಿಗಿದರು. ಸ್ವಿಚ್ಚಿಗೆ ಈಗ ರಿಲೇಯನ್ನು ಎಚ್ಚರಿಸುವಷ್ಟೇ ಕೆಲಸ. ಹೋಲ್ಡರ್‌ನಲ್ಲಿ ಮತ್ತೆ ಅಳೆದಾಗ 13.6. ಅದೇ ಮಾಮೂಲಿ 60/55 ವ್ಯಾಟಿನ (ಬ್ರೈಟ್‌ಗೆ 60, ಡಿಮ್‌ಗೆ 55) ಬಲ್ಬ್, ಮಂಕಾಗಿದ್ದ ರಿಫ್ಲೆಕ್ಟರ್ ಮಾತ್ರ ಹೊಸದು. ಗೋದಾಮಿನ ಸುಣ್ಣದ ಗೋಡೆಯ ಮೇಲೆ ಬಿದ್ದ ಬೆಳಕು ಕಂದು ಹಳದಿಯಿಂದ ಬೆಳ್ಳಗೆ ತಿರುಗಿತ್ತು. ವೋಲ್ಟೇಜ್ ಏರಿದ್ದರಿಂದ ಬಲ್ಬಿನ ಆಯುಷ್ಯ ಸಾಕಷ್ಟು ತಗ್ಗುತ್ತದೆ, ನಿಜ. ಕೆಲವು ನೂರು ರೂಪಾಯಿಯ ಬಲ್ಬಿಗೆ ಅದೇನೂ ದೊಡ್ಡ ನಷ್ಟವಲ್ಲ.

ಮಲೆನಾಡಿನಲ್ಲಿ ಬಹಳ ಜನ ಮೊದಲು ಕೈ ಹಾಕುವುದು 100/90 ವ್ಯಾಟಿನ ಬಲ್ಬಿಗೆ. ರಿಲೇ ಇದ್ದರೆ ಬ್ರೈಟ್ ಚೆನ್ನಾಗಿಯೇ ಬರುತ್ತದೆ. ತೋಟದೊಳಗೆ ಮರದ ಬುಡಗಳು ದೂರದಿಂದಲೇ ಕಾಣುತ್ತವೆ. ಆದರೆ ಎರಡು ಬಲ್ಬಿನ ಡಿಮ್ಮೇ ಸುಮಾರು 15 ಆಂಪಿಯರ್ ಎಳೆಯುತ್ತದೆ, ಬ್ರೈಟ್ ಇನ್ನೂ ಹೆಚ್ಚು. ರಿಲೇ ಇಲ್ಲದೆ ಹಾಕಿದ ಜೀಪುಗಳಲ್ಲಿ ಪ್ಲಾಸ್ಟಿಕ್ ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಂಡಿರುವುದನ್ನು ಯಾವ ಗ್ಯಾರೇಜಿನಲ್ಲಾದರೂ ನೋಡಬಹುದು. ಹಾಕಲೇಬೇಕೆಂದಿದ್ದರೆ ಪಿಂಗಾಣಿ ಹೋಲ್ಡರ್ ಬೇಕು. ರಿಫ್ಲೆಕ್ಟರಿನ ಬೆಳ್ಳಿ ಲೇಪ ಬಿಸಿಗೆ ಬೇಗ ಕಪ್ಪಾಗುತ್ತದೆ ಎಂಬುದೂ ಗೊತ್ತಿರಬೇಕು. ಈ ಬಲ್ಬ್ ಸಾರ್ವಜನಿಕ ರಸ್ತೆಗೆ ಹೇಳಿಸಿದ್ದೂ ಅಲ್ಲ.

ಎಚ್‌ಐಡಿ (ಉರಿಯುವ ತಂತಿಯಿಲ್ಲದೆ, ಅನಿಲದೊಳಗೆ ಹಾಯುವ ವಿದ್ಯುತ್ತಿನಿಂದ ಬೆಳಗುವ ಬಲ್ಬ್) ಬಗ್ಗೆ ಹೆಚ್ಚು ಹೇಳುವುದಿಲ್ಲ. 35 ವ್ಯಾಟಿಗೆ ಅಷ್ಟು ಬೆಳಕು ಕೊಡುವುದು ಮೆಚ್ಚುವಂಥದ್ದೇ. ಆದರೆ ಹೊತ್ತಿ ಪೂರ್ತಿ ಬೆಳಗಲು ಕೆಲವು ಸೆಕೆಂಡು ಬೇಕು, ಮತ್ತು ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಅದರ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಕೊಟ್ಟಿಗೆಹಾರದ ಮಂಜಿನಲ್ಲಿ ಎದುರಿಗೆ ಬರೀ ಬಿಳುಪು, ರಸ್ತೆಯ ಅಂಚಿನ ಗೆರೆಯೂ ಕಾಣಲಿಲ್ಲ. ಬಿಚ್ಚಿಸಿಬಿಟ್ಟೆ.

ಹಳೆಯ ರಿಫ್ಲೆಕ್ಟರಿಗೇ ಸಿಕ್ಕಿಸುವ ಎಲ್‌ಇಡಿ ಬಲ್ಬಿನ ಕಷ್ಟವೂ ಇದೇ ಜಾತಿಯದು. ಒಂದು ಎಚ್‌4 ಹ್ಯಾಲೊಜೆನ್ ಬಲ್ಬನ್ನು, ಗಾಜು ಮುಟ್ಟದೆ, ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ಫಿಲಮೆಂಟ್ ಇರುತ್ತವೆ. ಮುಂದಿನದು ಡಿಮ್, ಅದರ ಕೆಳಗೆ ಪುಟ್ಟ ಬೋಗುಣಿಯಂಥ ತಗಡು. ಆ ತಗಡಿನ ದೆಸೆಯಿಂದ ಡಿಮ್ಮಿನ ಬೆಳಕು ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬಡಿದು ರಸ್ತೆಯ ಕಡೆಗೆ ಇಳಿಯುತ್ತದೆ. ಫಿಲಮೆಂಟ್ ಒಂದು ಮಿಲಿಮೀಟರ್ ಆಚೀಚೆಯಾದರೂ ಲೆಕ್ಕ ತಪ್ಪುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಚಿಪ್ಪುಗಳು ದಪ್ಪ ಪಟ್ಟಿಯ ಎರಡು ಬದಿಗೆ ಕೂತಿರುತ್ತವೆ. ಒಂದೇ ಕಡೆ ಉರಿಯುವ ಆ ಸಣ್ಣ ಸುರುಳಿಯ ಜಾಗವನ್ನು ಅವು ಸರಿಯಾಗಿ ತುಂಬಲಾರವು. ನಾವು ಹಾಕಿದ ಜೋಡಿಯಲ್ಲಿ ಜೀಪಿನ ಮುಂದಿನ ನಾಲ್ಕು ಮಾರು ನೆಲ ಝಗಮಗಿಸುತ್ತಿತ್ತು, ಅದರಾಚೆ ಹ್ಯಾಲೊಜೆನ್‌ಗಿಂತ ಕತ್ತಲೆ. ಹತ್ತಿರದ ನೆಲ ಅಷ್ಟು ಹೊಳೆದರೆ ಕಣ್ಣು ಅದಕ್ಕೇ ಹೊಂದಿಕೊಂಡು ದೂರದ್ದನ್ನು ಗುರುತಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಎದುರಿನಿಂದ ಬಂದ ಬಸ್ಸಿನ ಚಾಲಕರಂತೂ ಮತ್ತೆ ಮತ್ತೆ ಡಿಪ್ಪರ್ ಹೊಡೆದರು, ನಾವು ಡಿಮ್ಮಿನಲ್ಲೇ ಇದ್ದರೂ. ಡಿಮ್ ಎದುರಿನವರ ಕಣ್ಣು ಕುಕ್ಕಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಹೇಳುತ್ತವೆ. ಘಾಟಿಯ ತಿರುವಿನಲ್ಲಿ ಆ ನಿಯಮ ಇಬ್ಬರ ಜೀವವನ್ನೂ ಕಾಯುತ್ತದೆ.

ಗಾಜು, ರಿಫ್ಲೆಕ್ಟರ್, ಚಿಪ್ಪು ಎಲ್ಲ ಸೇರಿ ಒಂದೇ ಆಗಿ ಬರುವ ಪೂರ್ತಿ ಎಲ್‌ಇಡಿ ಹೆಡ್‌ಲೈಟ್ ಬೇರೆಯೇ ದರ್ಜೆಯದು. ಇದರ ಒಳಗನ್ನು ಎಲ್‌ಇಡಿಗೆಂದೇ ರೂಪಿಸಿರುತ್ತಾರೆ. ಗೋಡೆಯ ಮೇಲೆ ಡಿಮ್ಮಿನ ಅಂಚು ಗೆರೆ ಕೊರೆದಂತೆ ನೇರ. ಬೇಲೂರಿನಿಂದ ಹಾಸನಕ್ಕೆ ಹೋಗುವ ಬಯಲು ದಾರಿಯಲ್ಲಿ, ಚಳಿಗಾಲದ ಒಣ ರಾತ್ರಿಯಲ್ಲಿ, ಇದಕ್ಕೆ ಸಾಟಿ ಇಲ್ಲ. ರಸ್ತೆ ಬದಿಯಲ್ಲಿ ಹಿಂದೆ ಕೆಂಪು ದೀಪವಿಲ್ಲದೆ ಹೋಗುವ ಎತ್ತಿನ ಗಾಡಿ, ಟ್ರ್ಯಾಕ್ಟರ್ ಟ್ರೇಲರ್ ಸಾಕಷ್ಟು ಮೊದಲೇ ಕಾಣುತ್ತದೆ. ಕರೆಂಟೂ ಕಡಿಮೆ ಎಳೆಯುತ್ತದೆ.

ತೋಟದ ದಾರಿಗೆ ಇಳಿಸಿದಾಗ ಮಾತ್ರ ಆ ನೇರ ಗೆರೆಯೇ ತೊಡಕಾಯಿತು. ಜೀಪು ಕುಲುಕಿದಂತೆಲ್ಲ ಗೆರೆ ಮೇಲೆ ಕೆಳಗೆ ಹಾರುತ್ತದೆ. ಗೆರೆಯ ಮೇಲಿನ ಜಗತ್ತು ಪೂರ್ತಿ ಕಪ್ಪು. ಹ್ಯಾಲೊಜೆನ್ ಚೂರು ಬೆಳಕನ್ನು ಮೇಲಕ್ಕೂ ಸೋರಲು ಬಿಡುತ್ತದೆ. ಬಾಗಿದ ಸಿಲ್ವರ್ ಓಕ್ ಕೊಂಬೆ, ಕಾಫಿ ಗಿಡದ ಮೇಲೆ ಎದ್ದು ನಿಂತ ಆನೆಯ ಬೆನ್ನು ಕಾಣುವುದು ಆ ಸೋರಿದ ಬೆಳಕಿನಲ್ಲೇ. ಇನ್ನೊಂದು ವಿಷಯ: ಎಲ್‌ಇಡಿಯ ಬಿಸಿ ಹಿಂದಿನ ಲೋಹಕ್ಕೆ ಹೋಗುತ್ತದೆ, ಮುಂದಿನ ಗಾಜು ತಣ್ಣಗಿರುತ್ತದೆ. ಮುಂಗಾರಿನಲ್ಲಿ ಅಗ್ಗದ ಜೋಡಿಯೊಂದರ ಗಾಜಿನ ಒಳಗೆ ಹನಿ ಕಟ್ಟಿದ್ದು ಬಿಸಿಲು ಬರುವವರೆಗೂ ಆರಲಿಲ್ಲ.

ಹಾಗಾಗಿ ನನ್ನ ಜೀಪಿನಲ್ಲಿ ಇಂದಿಗೂ ರಿಲೇ ಹಾಕಿದ 60/55 ಹ್ಯಾಲೊಜೆನ್ ಇದೆ. ವಾರವಾರವೂ ರಾತ್ರಿ ಹಾಸನಕ್ಕೆ ಹೋಗಿಬರುವ ತಮ್ಮನ ಜಿಪ್ಸಿಯಲ್ಲಿ ಪೂರ್ತಿ ಎಲ್‌ಇಡಿ. ಇಬ್ಬರಿಗೂ ಬದಲಾಯಿಸಿಕೊಳ್ಳುವ ಮನಸ್ಸಿಲ್ಲ.

ಮಂಜಿಗೆ ಎರಡೂ ಸಾಲದು. ಬಂಪರಿನ ಕೆಳಗೆ, ನೆಲಕ್ಕೆ ಆದಷ್ಟು ಹತ್ತಿರ, ಅಗಲಕ್ಕೆ ಹರಡುವ ಫಾಗ್ ಲ್ಯಾಂಪ್ ಬೇಕೇ ಬೇಕು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎನ್ನುವ ಮಾತು ನಿಜವಲ್ಲ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ದೊಡ್ಡದಾದ್ದರಿಂದ ಹಳದಿಯೂ ಬಿಳಿಯೂ ಹೆಚ್ಚುಕಡಿಮೆ ಒಂದೇ ರೀತಿ ಚದುರುತ್ತವೆ. ಆದರೂ ನಾನು ಹಳದಿಯನ್ನೇ ಹಾಕಿದ್ದೇನೆ. ತಿರುಗಿ ಬರುವ ಬೆಳಕು ಕಣ್ಣಿಗೆ ಅಷ್ಟು ಚುಚ್ಚುವುದಿಲ್ಲ, ಘಾಟಿ ಮುಗಿಯುವ ಹೊತ್ತಿಗೆ ಹುಬ್ಬು ನೋಯುವುದಿಲ್ಲ. ಛಾವಣಿಯ ಮೇಲಿನ ಉದ್ದನೆಯ ಎಲ್‌ಇಡಿ ಬಾರ್ ಮಂಜಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಕಣ್ಣಿನ ಮಟ್ಟದಲ್ಲೇ ಬಿಳುಪು ಎಬ್ಬಿಸುತ್ತದೆ.

ಪೂರ್ತಿ ಎಲ್‌ಇಡಿ ಕೊಳ್ಳುವವರು ಹಣ ಕೊಡುವ ಮೊದಲು ಅಂಗಡಿಯ ಷಟರಿನ ಮೇಲೆ ಡಿಮ್ ಬಿಟ್ಟು ನೋಡಬೇಕು. ಅಂಚಿನ ಗೆರೆ ಒಂದು ಬದಿಗೆ ಸ್ವಲ್ಪ ಏರುತ್ತದೆ. ಎಡಬದಿಯಲ್ಲಿ ಓಡಿಸುವ ನಮಗೆ ಆ ಏರು ಎಡಕ್ಕಿರಬೇಕು. ಬಲಬದಿಯಲ್ಲಿ ಓಡಿಸುವ ದೇಶಗಳಿಗೆ ಮಾಡಿದ್ದಾದರೆ ಏರು ಬಲಕ್ಕಿದ್ದು, ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಅದನ್ನು ಸ್ಕ್ರೂ ತಿರುಗಿಸಿ ಸರಿಪಡಿಸಲಾಗುವುದಿಲ್ಲ. ಯಾವುದನ್ನೇ ಹಾಕಿಸಿದರೂ ಸಮತಟ್ಟಾದ ಕಣದಲ್ಲಿ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ, ಡಿಮ್ಮಿನ ಅಂಚು ಹೆಡ್‌ಲೈಟಿನ ನಡುಮಟ್ಟಕ್ಕಿಂತ ಸುಮಾರು 3 ಇಂಚು ಕೆಳಗೆ ಬೀಳುವಂತೆ ಹೊಂದಿಸಿ. ಕೊಯ್ಲಿನ ಕಾಲದಲ್ಲಿ ಹಿಂದೆ ಕಾಫಿ ಮೂಟೆ ಹೇರಿದರೆ ಜೀಪಿನ ಮೂತಿ ಮೇಲಕ್ಕೇಳುತ್ತದೆ. ಆ ದಿನಗಳಲ್ಲಿ ಮೂಟೆ ಹೇರಿದ ಮೇಲೆಯೇ ಸ್ಕ್ರೂಗೆ ಕೈ ಹಾಕಬೇಕು.