ಗೇಮ್ ಚಟಕ್ಕೆ ಮೈಂಡ್‌ಫುಲ್‌ನೆಸ್ಸೋ, ಬೇರೆ ಆಟವೋ?

ಮೈಂಡ್‌ಫುಲ್‌ನೆಸ್‌ನಲ್ಲಿ, ಅಂದರೆ ಈ ಕ್ಷಣವನ್ನು ಮನಸ್ಸಿಟ್ಟು ಗಮನಿಸುವ ಅಭ್ಯಾಸದಲ್ಲಿ, ಮೊಬೈಲ್ ಗೇಮ್ ಆಡಬೇಕೆಂಬ ಸೆಳೆತವನ್ನು ಒದ್ದು ಓಡಿಸುವುದಿಲ್ಲ. ಉಸಿರು ಗಮನಿಸುತ್ತಾ, ಮೈಯಲ್ಲಿ ಏನಾಗುತ್ತಿದೆ ಎಂದು ಸುಮ್ನೆ ನೋಡುವುದು. ಸೆಳೆತ ಅಲೆಯ ಹಾಗೆ ಏರಿ ಇಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಕುಡಿತದಂಥ ಚಟಗಳಿಗಾಗಿ ಈ ದಾರಿ ಬೆಳೆಸಿದರು. ಬೇಸರ, ಒತ್ತಡ ಬಂದಾಗಲೆಲ್ಲ ಫೋನ್ ಹಿಡಿಯುವ ದೊಡ್ಡವರಿಗೆ ನಾನು ಹೇಳುವುದು ಇದನ್ನೇ. ಆದರೆ ದಿನಾ ಅಭ್ಯಾಸ ಬೇಕು. ಹತ್ತು ವರ್ಷದ ಮಗುವಿಗೆ ಹಾಗೆ ಕೂರುವುದೇ ಕಷ್ಟ, ಅಲ್ವಾ?

ಅಂಥ ಮಕ್ಕಳಿಗೆ ಕಬಡ್ಡಿ, ಚೌಕಾಬಾರ, ಕೇರಂ ಜಾಸ್ತಿ ಒಗ್ಗುತ್ತವೆ. ಎದುರಿಗೆ ಜೊತೆಗಾರರಿರುತ್ತಾರೆ, ಆಟ ಮುಗಿಯುತ್ತದೆ. ಎಷ್ಟೋ ಮೊಬೈಲ್ ಗೇಮ್‌ಗಳಿಗೆ ಕೊನೆಯೇ ಇಲ್ಲ. ದುಡ್ಡು ಕಟ್ಟುವ ಆಟ ಮಾತ್ರ ಬೇಡವೇ ಬೇಡ.

ನಿದ್ದೆ, ಓದು ಕೆಟ್ಟರೂ ನಿಲ್ಲಿಸಲು ಆಗುತ್ತಿಲ್ಲವೇ? ಹಾಗಾದರೆ ಇವೆರಡೇ ಸಾಲವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇಂಥ ಚಟಗಳಿಗೆಂದೇ ಶಟ್ ಕ್ಲಿನಿಕ್ ಇದೆ. ತಡಮಾಡದೆ ಕರೆದುಕೊಂಡು ಹೋಗಿ.